ಫ್ರೆಂಚ್ ವಸಾಹತು ವಿಸ್ತರಣೆ ಮತ್ತು ಮೈಸೂರು: ಕಳಲೆಯಿಂದ ಸೋಸಲೆವರೆಗೆ

ಹದಿನೇಳನೆಯ ಶತಮಾನದ ಆರಂಭದಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಫ್ರಾನ್ಸ್ ಸಮುದ್ರದಾಚೆ ಕಟ್ಟಿದ ಸಾಮ್ರಾಜ್ಯ ಕೆನಡಾದ ಹಿಮದಿಂದ ವಿಯೆಟ್ನಾಮಿನ ಗದ್ದೆಗಳವರೆಗೆ ಹರಡಿತ್ತು. ಮೈಸೂರು ಸೀಮೆಯ ಒಂದು ಊರೂ ಆ ಸಾಮ್ರಾಜ್ಯದ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಆದರೂ 1752ರಿಂದ 1799ರವರೆಗೆ ದಕ್ಷಿಣ ಭಾರತದಲ್ಲಿ ಫ್ರೆಂಚರ ಆಸೆ ಚಿಗುರಿದ್ದು, ಬಾಡಿದ್ದು ಎರಡೂ ಮೈಸೂರಿನ ರಾಜಕಾರಣದೊಂದಿಗೆ ಬಿಡಿಸಲಾಗದಂತೆ ಹೆಣೆದುಕೊಂಡಿದ್ದವು. ಈ ಕಥೆಯ ಮೂರು ಮುಖ್ಯ ಎಡೆಗಳು ಇಂದಿನ ಮೈಸೂರು ಜಿಲ್ಲೆಯ ಎರಡು ಅಕ್ಕಪಕ್ಕದ ತಾಲ್ಲೂಕುಗಳಲ್ಲಿವೆ. ಮೈಸೂರಿನ ಸೈನ್ಯವನ್ನು ಫ್ರೆಂಚರ ಪಕ್ಕಕ್ಕೆ ಒಯ್ದ ದಳವಾಯಿ ಮನೆತನದ ಕಳಲೆ ನಂಜನಗೂಡು ತಾಲ್ಲೂಕಿನದು. ಹೈದರ್ ಅಲಿ ಹೆಚ್ಚುಕಡಿಮೆ ಎಲ್ಲವನ್ನೂ ಕಳೆದುಕೊಂಡ ಕಾಳಗ ನಡೆದದ್ದು ನಂಜನಗೂಡಿನಲ್ಲಿ. 1799ರಲ್ಲಿ ಇಂಗ್ಲಿಷ್ ಸೈನ್ಯ ಕಾವೇರಿ ದಾಟಿದ ಸೋಸಲೆ ಟಿ. ನರಸೀಪುರ ತಾಲ್ಲೂಕಿನದು.

ಕಂಪನಿ, ಕೋಠಿ, ಕೋಟೆ

ಫ್ರೆಂಚರು ತಡವಾಗಿ ಹೊರಟವರು. 1608ರಲ್ಲಿ ಉತ್ತರ ಅಮೆರಿಕದ ಕ್ವೆಬೆಕ್, ಆಮೇಲೆ ಕೆರಿಬಿಯನ್ ಸಮುದ್ರದ ಸಕ್ಕರೆ ದ್ವೀಪಗಳು, 1659ರಲ್ಲಿ ಸೆನೆಗಲ್ ನದಿಯ ಮುಖದ ಸೇಂಟ್ ಲೂಯಿ ಅವರ ಕೈಗೆ ಬಂದವು. ಪೂರ್ವ ದಿಕ್ಕಿಗೆ ವ್ಯವಸ್ಥಿತವಾಗಿ ಕಣ್ಣು ಹಾಯಿಸಿದ್ದು ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೇರ್. ಅವನು 1664ರಲ್ಲಿ ಹುಟ್ಟುಹಾಕಿದ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಗೆ ಇಂಗ್ಲಿಷ್ ಮತ್ತು ಡಚ್ ಕಂಪನಿಗಳಿಗಿದ್ದ ಒಂದು ಬಲ ಇರಲಿಲ್ಲ. ಆ ಎರಡೂ ವರ್ತಕರ ಹಣದಿಂದ, ವರ್ತಕರ ಲೆಕ್ಕಾಚಾರದಿಂದ ನಡೆದವು. ಫ್ರೆಂಚ್ ಕಂಪನಿ ಅರಸನ ಇಚ್ಛೆಯಿಂದ ಹುಟ್ಟಿ ಅರಸನ ಬೊಕ್ಕಸಕ್ಕೆ ಜೋತುಬಿದ್ದಿತ್ತು. ಪ್ಯಾರಿಸ್ಸಿನಲ್ಲಿ ಮಂತ್ರಿ ಬದಲಾದರೆ ಪುದುಚೇರಿಯಲ್ಲಿ ನೀತಿ ಬದಲಾಗುತ್ತಿತ್ತು. ಮೈಸೂರಿನವರು ಇದನ್ನು ಅರ್ಥಮಾಡಿಕೊಂಡದ್ದು ನೂರಾರು ಲಕ್ಷ ರೂಪಾಯಿ ಖರ್ಚಾದ ಮೇಲೆ.

1668ರಲ್ಲಿ ಸೂರತ್ತಿನಲ್ಲಿ ಮೊದಲ ಕೋಠಿ ತೆರೆಯಿತು. 1670ರ ದಶಕದಲ್ಲಿ ಪುದುಚೇರಿ ಸಿಕ್ಕಿತು. ಫ್ರಾನ್ಸ್ವಾ ಮಾರ್ತ್ಯಾಂ ಅದನ್ನು ಮೀನುಗಾರರ ಹಳ್ಳಿಯಿಂದ ಕೋಟೆಯುಳ್ಳ ಪಟ್ಟಣವಾಗಿ ಬೆಳೆಸಿದ. ಬಂಗಾಳದ ಚಂದ್ರನಗರ, ಮಲಬಾರ್ ಕರಾವಳಿಯ ಮಾಹೆ, ಗೋದಾವರಿ ಮುಖದ ಯಾನಾಂ, ತಂಜಾವೂರು ಸೀಮೆಯ ಕಾರೈಕಾಲ್ ಒಂದೊಂದಾಗಿ ಸೇರಿದವು. ಇವುಗಳ ಬೆನ್ನಿಗೆ ಹಿಂದೂ ಮಹಾಸಾಗರದ ಬೂರ್ಬೋಂ ಮತ್ತು ಮಾರಿಷಸ್ ದ್ವೀಪಗಳಿದ್ದವು. ಮಾರಿಷಸ್ಸನ್ನು ಫ್ರೆಂಚರು ಈಲ್ ದ ಫ್ರಾನ್ಸ್ ಎಂದು ಕರೆಯುತ್ತಿದ್ದರು. ಹಡಗು ದುರಸ್ತಿಯಾಗುತ್ತಿದ್ದದ್ದು, ಸೈನಿಕರು ಕಾಯುತ್ತಿದ್ದದ್ದು ಅಲ್ಲಿ. ಮೈಸೂರಿನ ಹಣೆಬರಹ ಕೊನೆಗೆ ಕೆಟ್ಟದ್ದೂ ಅಲ್ಲಿಂದಲೇ ಹೊರಟ ಒಂದು ಕಾಗದದಿಂದ.

1742ರಲ್ಲಿ ಪುದುಚೇರಿಯ ಗವರ್ನರ್ ಆದ ಡೂಪ್ಲೆ ವ್ಯಾಪಾರಕ್ಕಿಂತ ರಾಜಕಾರಣದಲ್ಲಿ ಲಾಭ ಹೆಚ್ಚೆಂದು ಕಂಡುಕೊಂಡವನು. 1746ರಲ್ಲಿ ಫ್ರೆಂಚರು ಮದರಾಸನ್ನು ಹಿಡಿದರು. ಅದನ್ನು ಬಿಡಿಸಿಕೊಳ್ಳಲು ಬಂದ ಆರ್ಕಾಟಿನ ನವಾಬನ ದೊಡ್ಡ ಕುದುರೆಪಡೆಯನ್ನು, ಕವಾಯತು ಕಲಿತ ಕೆಲವೇ ನೂರು ಬಂದೂಕುಗಾರರು ಅಡಯಾರ್ ದಂಡೆಯಲ್ಲಿ ಚದುರಿಸಿದರು. ಆ ಒಂದು ದಿನದ ಸುದ್ದಿ ದಕ್ಷಿಣದ ಎಲ್ಲ ಆಸ್ಥಾನಗಳಿಗೂ ಮುಟ್ಟಿತು. ಇಂಥ ಪಡೆ ಬಾಡಿಗೆಗೆ ಸಿಗುವುದಾದರೆ ಕೊಡಲು ಹಣವಿದ್ದವರು ಬಹಳ ಮಂದಿ ಇದ್ದರು. ಆರ್ಕಾಟಿನ ನವಾಬಗಿರಿಗೆ ಚಂದಾ ಸಾಹೇಬ್ ಮತ್ತು ಮಹಮ್ಮದ್ ಅಲಿ ಕಚ್ಚಾಡಿದಾಗ ಮೊದಲನೆಯವನಿಗೆ ಫ್ರೆಂಚರು, ಎರಡನೆಯವನಿಗೆ ಇಂಗ್ಲಿಷರು ಬೆನ್ನಾದರು. 1751ರಲ್ಲಿ ಮಹಮ್ಮದ್ ಅಲಿ ತಿರುಚಿರಾಪಳ್ಳಿಯ ಕೋಟೆಯೊಳಗೆ ಸಿಕ್ಕಿಬಿದ್ದ. ಅಲ್ಲಿಂದ ಅವನು ಕೈಚಾಚಿದ್ದು ಮೈಸೂರಿನತ್ತ.

ಕಳಲೆಯ ಅಣ್ಣತಮ್ಮಂದಿರು

ನಂಜನಗೂಡಿನ ಹತ್ತಿರದ ಕಳಲೆ ಇಂದು ಲಕ್ಷ್ಮೀಕಾಂತಸ್ವಾಮಿಯ ದೇವಾಲಯದಿಂದ ಹೆಸರಾದ ಊರು. ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಮೈಸೂರು ರಾಜ್ಯದ ನಿಜವಾದ ಅಧಿಕಾರ ಈ ಊರಿನ ಅರಸು ಮನೆತನದ ಕೈಯಲ್ಲಿತ್ತು. ದಳವಾಯಿ ಪದವಿ ಅವರದು. ಅರಮನೆಯೊಂದಿಗೆ ಹೆಣ್ಣು ಕೊಟ್ಟು ತರುವ ಸಂಬಂಧ ಅವರದು. 1734ರಲ್ಲಿ ಏಳನೆಯ ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಕಬ್ಬಾಳದುರ್ಗಕ್ಕೆ ಅಟ್ಟಿ, ಎಳೆಯ ವಯಸ್ಸಿನ ಇಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿದವರೂ ಇವರೇ. ದಳವಾಯಿ ದೇವರಾಜಯ್ಯ ಸೈನ್ಯ ನೋಡಿಕೊಂಡರೆ, ಅವನ ತಮ್ಮ ಕರಾಚೂರಿ ನಂಜರಾಜಯ್ಯ ಸರ್ವಾಧಿಕಾರಿಯಾಗಿ ಆದಾಯ ನೋಡಿಕೊಂಡ. ಅವನ ಮಗಳೇ ಅರಸನಿಗೆ ರಾಣಿ.

ನಂಜನಗೂಡಿನಲ್ಲಿ ಈ ಮನೆತನದ ಗುರುತು ಕಲ್ಲಿನಲ್ಲೇ ಉಳಿದಿದೆ. ಕಪಿಲೆಗೆ ಅಡ್ಡಲಾಗಿರುವ ಕಲ್ಲಿನ ಸೇತುವೆಯನ್ನು 1735ರಲ್ಲಿ ಕಟ್ಟಿಸಿದವನು ದಳವಾಯಿ ದೇವರಾಜ. ಮುಂದೆ ಅದರ ಮೇಲೆ ರೈಲು ಹಳಿ ಹಾದು, ರಸ್ತೆ ಮತ್ತು ರೈಲು ಒಂದೇ ಸೇತುವೆಯನ್ನು ಹಂಚಿಕೊಂಡು ನೂರು ವರ್ಷಕ್ಕೂ ಮೇಲೆ ನಡೆದವು. ನಂಜುಂಡೇಶ್ವರನ ಗುಡಿಯನ್ನು ವಿಸ್ತರಿಸಿದವರಲ್ಲಿ ನಂಜರಾಜಯ್ಯನೂ ಒಬ್ಬ. ಅವನು ಬರೀ ಅಧಿಕಾರಿಯಲ್ಲ, ಕನ್ನಡದಲ್ಲಿ ‘ಹಾಲಾಸ್ಯ ಮಾಹಾತ್ಮ್ಯ’, ‘ಕಕುದ್ಗಿರಿ ಮಾಹಾತ್ಮ್ಯ’ದಂಥ ಶೈವ ಕೃತಿಗಳನ್ನು ಬರೆದವನು. ನರಸಿಂಹ ಕವಿ ಅವನನ್ನೇ ನಾಯಕನನ್ನಾಗಿ ಮಾಡಿ ‘ನಂಜರಾಜಯಶೋಭೂಷಣ’ ಎಂಬ ಸಂಸ್ಕೃತ ಅಲಂಕಾರ ಗ್ರಂಥ ರಚಿಸಿದ. ಯಶಸ್ಸು ಪುಸ್ತಕದಲ್ಲಿ ಸಿಕ್ಕಷ್ಟು ಸುಲಭವಾಗಿ ತಿರುಚಿರಾಪಳ್ಳಿಯಲ್ಲಿ ಸಿಗಲಿಲ್ಲ.

ನೆರವು ಕೊಟ್ಟರೆ ತಿರುಚಿರಾಪಳ್ಳಿಯನ್ನೂ ಅದರ ಕೆಳಗಿನ ಸೀಮೆಯನ್ನೂ ಬಿಟ್ಟುಕೊಡುತ್ತೇನೆಂದು ಮಹಮ್ಮದ್ ಅಲಿ ಗುಟ್ಟಾಗಿ ಮಾತು ಕೊಟ್ಟಿದ್ದ. ಅಣ್ಣ ದೇವರಾಜಯ್ಯನಿಗೆ ಇದು ಸರಿಕಾಣಲಿಲ್ಲ. ತಮ್ಮ ಕೇಳಲಿಲ್ಲ. ಕಾವೇರಿಯ ಕೆಳಹರಿವಿನ ಆ ಫಲವತ್ತಾದ ನೆಲದ ಮೇಲೆ ಮೈಸೂರಿಗೆ ಹಿಂದಿನಿಂದಲೂ ಆಸೆಯಿತ್ತು. 1752ರ ಆರಂಭದಲ್ಲಿ ನಂಜರಾಜಯ್ಯ ಇಂಗ್ಲಿಷರ ಪಕ್ಷದವನಾಗಿಯೇ ತಿರುಚಿರಾಪಳ್ಳಿಗೆ ಇಳಿದ. ಮರಾಠ ಸರದಾರ ಮುರಾರಿರಾವ್ ಘೋರ್ಪಡೆಯ ಕುದುರೆಪಡೆಗೂ ಸಂಬಳ ಮೈಸೂರಿನ ಬೊಕ್ಕಸದಿಂದಲೇ. ಅದೇ ಜೂನಿನಲ್ಲಿ ಶ್ರೀರಂಗಂ ದ್ವೀಪದಲ್ಲಿ ಫ್ರೆಂಚ್ ಪಡೆ ಶರಣಾಯಿತು, ಚಂದಾ ಸಾಹೇಬನ ತಲೆ ಹೋಯಿತು. ಗೆಲುವಾದ ಮೇಲೆ ಮಾತಿನಂತೆ ಊರು ಕೊಡಿ ಎಂದು ನಂಜರಾಜಯ್ಯ ಕೇಳಿದಾಗ ಮಹಮ್ಮದ್ ಅಲಿ ಮೊದಲು ನೆಪ ಹೇಳಿದ, ಆಮೇಲೆ ಇಲ್ಲವೆಂದ.

ಡೂಪ್ಲೆ ಕಾಯುತ್ತಿದ್ದದ್ದು ಇದಕ್ಕೇ. ತಿರುಚಿರಾಪಳ್ಳಿಯನ್ನು ನಾನು ಕೊಡಿಸುತ್ತೇನೆ, ಯುದ್ಧದ ಖರ್ಚು ನಿಮ್ಮದು ಎಂಬುದು ಅವನ ಒಪ್ಪಂದದ ತಿರುಳು. 1753ರ ಹೊತ್ತಿಗೆ ಮೈಸೂರು ಬಹಿರಂಗವಾಗಿ ಫ್ರೆಂಚರ ಜೊತೆಗಾರನಾಗಿತ್ತು. ಶ್ರೀರಂಗದಲ್ಲಿ ಒಂದು ಕಡೆ ಫ್ರೆಂಚ್ ಪಡೆ, ಇನ್ನೊಂದು ಕಡೆ ಮೈಸೂರಿನವರು ಬೀಡುಬಿಟ್ಟರು. ಮುತ್ತಿಗೆ ಎಳೆಯಿತು. ಆ ವರ್ಷದ ನವೆಂಬರಿನಲ್ಲಿ ರಾತ್ರಿ ಹೊತ್ತು ಕೋಟೆಗೆ ಏಣಿ ಹಾಕಿದ ಫ್ರೆಂಚರು ಗೋಡೆಗಳ ನಡುವೆಯೇ ಸಿಕ್ಕಿಬಿದ್ದರು. 1754ರ ಆಗಸ್ಟಿನಲ್ಲಿ ಡೂಪ್ಲೆಯನ್ನು ಪ್ಯಾರಿಸ್ ಹಿಂದಕ್ಕೆ ಕರೆಸಿತು. ಅವನ ಜಾಗಕ್ಕೆ ಬಂದ ಗೋಡ್ಹೂ ಇಂಗ್ಲಿಷರೊಂದಿಗೆ ಕದನವಿರಾಮ ಮಾಡಿಕೊಂಡ. ನಂಜರಾಜಯ್ಯ 1755ರಲ್ಲಿ ಬರಿಗೈಯಲ್ಲಿ ಹಿಂತಿರುಗಿದ. ಮೂರು ವರ್ಷದ ಈ ಸಾಹಸಕ್ಕೆ ಮೂರು ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಯಿತೆಂದು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಲೆಕ್ಕ ಕೊಡುತ್ತಾನೆ. ವಿಲ್ಕ್ಸ್ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಇಂಗ್ಲಿಷ್ ಅಧಿಕಾರಿ, ದಳವಾಯಿಗಳ ಮೇಲಾಗಲಿ ಹೈದರನ ಮೇಲಾಗಲಿ ಪ್ರೀತಿಯಿದ್ದವನಲ್ಲ. ಮೊತ್ತ ಎಷ್ಟೇ ಇರಲಿ, ಸೈನಿಕರ ಸಂಬಳ ತಿಂಗಳುಗಟ್ಟಲೆ ಬಾಕಿ ಬಿದ್ದದ್ದು ನಿಜ.

ಮಿತ್ರನೇ ವಸೂಲಿಗೆ ಬಂದಾಗ

ನಂಜರಾಜಯ್ಯ ಇನ್ನೂ ತಿರುಚಿರಾಪಳ್ಳಿಯ ಬಳಿ ಇದ್ದಾಗಲೇ ಶ್ರೀರಂಗಪಟ್ಟಣದ ಬಾಗಿಲಿಗೆ ಇನ್ನೊಂದು ಫ್ರೆಂಚ್ ಪಡೆ ಬಂದು ನಿಂತಿತು. ಹೈದರಾಬಾದಿನ ನಿಜಾಮ ಸಲಾಬತ್ ಜಂಗನ ಪಟ್ಟಕ್ಕೆ ಕಾವಲಿದ್ದವನು ಮಾರ್ಕಿ ದ ಬುಸ್ಸಿ, ಡೂಪ್ಲೆಯ ಅತ್ಯಂತ ಸಮರ್ಥ ಸೇನಾಪತಿ. ಮೊಗಲ್ ಅಧಿಕಾರದ ಹೆಸರಿನಲ್ಲಿ ಮೈಸೂರಿನಿಂದ ಬರಬೇಕಾದ ಕಪ್ಪದ ಬಾಕಿಯನ್ನು ಕೇಳಲು 1755ರಲ್ಲಿ ನಿಜಾಮ ದಂಡೆತ್ತಿ ಬಂದ, ಅವನ ಮುಂಚೂಣಿಯಲ್ಲಿ ಬುಸ್ಸಿಯ ಫಿರಂಗಿಗಳು. ಪುದುಚೇರಿಗೆ ಮೈಸೂರು ಮಿತ್ರ, ಹೈದರಾಬಾದಿಗೆ ಮೈಸೂರು ಸಾಲಗಾರ. ಬುಸ್ಸಿ ಎರಡೂ ಕಡೆಯ ಉಪ್ಪು ತಿಂದವನು. ದೇವರಾಜಯ್ಯ 56 ಲಕ್ಷ ರೂಪಾಯಿಗೆ ಒಪ್ಪಬೇಕಾಯಿತು. ಬೊಕ್ಕಸ ಬರಿದಾಗಿತ್ತು. ಅರಮನೆಯ ಒಡವೆ, ದೇವಸ್ಥಾನಗಳ ಬೆಳ್ಳಿಬಂಗಾರ ಕರಗಿಸಿದರೂ ಮೂರನೆಯ ಒಂದು ಪಾಲು ಕೂಡುವುದೇ ಕಷ್ಟವಾಗಿ, ಉಳಿದದ್ದಕ್ಕೆ ಸಾಹುಕಾರರನ್ನು ಒತ್ತೆ ಕೊಡಬೇಕಾಯಿತು.

ಮೈಸೂರು–ಫ್ರೆಂಚ್ ನಂಟಿನ ಬಗ್ಗೆ ಕನ್ನಡದಲ್ಲಿ ಬರೆಯುವವರು ಹೆಚ್ಚಾಗಿ ಟಿಪ್ಪುವಿನಿಂದ ಶುರುಮಾಡುತ್ತಾರೆ. ಹಾಗೆ ಮಾಡಿದರೆ ಈ 1755 ಬಿಟ್ಟುಹೋಗುತ್ತದೆ, ಬಿಟ್ಟುಹೋದರೆ ನಂಟಿನ ಸ್ವರೂಪವೇ ತಿಳಿಯುವುದಿಲ್ಲ. ಫ್ರೆಂಚರಿಗೆ ಮೈಸೂರು ಇಂಗ್ಲಿಷರನ್ನು ತಡೆಯುವ ಒಂದು ದಾರಿ. ಮೈಸೂರಿಗೆ ಫ್ರೆಂಚರು ಕವಾಯತು, ಫಿರಂಗಿ, ಎಂಜಿನಿಯರ್‌ಗಳು ಸಿಗುವ ಒಂದು ಅಂಗಡಿ. ಇಬ್ಬರೂ ಪರಸ್ಪರ ಕೊಂಡರು, ಮಾರಿದರು. ಮೋಸ ಹೋದ ಸರದಿ ಮಾತ್ರ ಮೈಸೂರಿನದೇ ಹೆಚ್ಚು.

ನಂಜನಗೂಡಿನ ಸೋಲು, ಹೈದರನ ಏಳಿಗೆ

ತಿರುಚಿರಾಪಳ್ಳಿಯಿಂದ ಲಾಭ ತಂದವನು ಒಬ್ಬನೇ. ನಂಜರಾಜಯ್ಯನ ಕೈಕೆಳಗೆ ಸಣ್ಣ ಪಡೆಯ ನಾಯಕನಾಗಿ ಹೋಗಿದ್ದ ಹೈದರ್ ಅಲಿ ಅಲ್ಲಿ ಫ್ರೆಂಚರ ಕವಾಯತನ್ನು ಹತ್ತಿರದಿಂದ ನೋಡಿದ, ಬಂದೂಕು ಕೂಡಿಹಾಕಿದ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ ಮೇಲೆ ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಅಲ್ಲಿ ಆಯುಧಶಾಲೆ ನಡೆಸಿದ. ಇತ್ತ ಶ್ರೀರಂಗಪಟ್ಟಣದಲ್ಲಿ ಸಂಬಳ ಸಿಗದ ಸೈನಿಕರು ದಳವಾಯಿಯ ಮನೆ ಬಾಗಿಲಲ್ಲಿ ಧರಣಿ ಕೂತರು. ಬಾಕಿ ತೀರಿಸಿ ಅವರನ್ನು ಸಮಾಧಾನಪಡಿಸಿದವನು ಹೈದರ್. ದಂಡು ಅವನದಾಯಿತು. ನಂಜರಾಜಯ್ಯ ಅಧಿಕಾರ ಬಿಟ್ಟು ಮೈಸೂರಿಗೆ ಸರಿದ.

1760ರಲ್ಲಿ ಇಂಗ್ಲಿಷರು ಪುದುಚೇರಿಯನ್ನು ಮುತ್ತುತ್ತಿದ್ದಾಗ ಅಲ್ಲಿನ ಸೇನಾಪತಿ ಕೌಂಟ್ ದ ಲಾಲಿ ಹೈದರನೊಂದಿಗೆ ಒಪ್ಪಂದ ಮಾಡಿಕೊಂಡ. ಹೈದರ್ ತನ್ನ ಭಾವಮೈದ ಮಖ್ದೂಮನನ್ನು ಪಡೆಯೊಂದಿಗೆ ಕಳಿಸಿದ. ಅದಕ್ಕೆ ಪ್ರತಿಯಾಗಿ ಫ್ರೆಂಚರು ತ್ಯಾಗದುರ್ಗದ ಕೋಟೆಯನ್ನು ಬಿಟ್ಟುಕೊಟ್ಟರು. ಹೈದರನ ಒಳ್ಳೆಯ ಪಡೆಯೆಲ್ಲ ಘಟ್ಟದ ಕೆಳಗಿತ್ತು. ಅರಮನೆಯ ಬೆಂಬಲದಿಂದ ಅವನದೇ ದಿವಾನ ಖಂಡೇರಾಯ ಆ ಆಗಸ್ಟಿನಲ್ಲಿ ತಿರುಗಿಬಿದ್ದದ್ದು ಅದೇ ಕಾರಣಕ್ಕೆ. ಹೈದರ್ ಹೊಳೆ ದಾಟಿ ಬೆಂಗಳೂರಿಗೆ ಓಡಿದ. ಮಖ್ದೂಮನನ್ನು ಹಿಂದಕ್ಕೆ ಕರೆಸಿಕೊಂಡ. ನೆರವಿಲ್ಲದ ಪುದುಚೇರಿ 1761ರ ಜನವರಿ 16ರಂದು ಬಿತ್ತು. ಇಂಗ್ಲಿಷರು ಅದರ ಕೋಟೆಯನ್ನೂ ದೊಡ್ಡ ಕಟ್ಟಡಗಳನ್ನೂ ನೆಲಸಮ ಮಾಡಿದರು. ನೆಲೆ ಕಳೆದುಕೊಂಡ ಮುನ್ನೂರರಷ್ಟು ಫ್ರೆಂಚರು ಅಲೆನ್ ಮತ್ತು ಹ್ಯೂಗೆಲ್ ಎಂಬ ಅಧಿಕಾರಿಗಳ ಹಿಂದೆ ಹೈದರನ ಸೇವೆಗೆ ಸೇರಿದರು. ಒಂದು ಸಾಮ್ರಾಜ್ಯದ ಸೋಲು ಇನ್ನೊಂದು ರಾಜ್ಯದ ದಂಡನ್ನು ಕಟ್ಟಿದ್ದು ಹೀಗೆ.

1761ರ ಆರಂಭದಲ್ಲಿ ಹೈದರ್ ಮತ್ತೆ ಕಾವೇರಿ ದಾಟಿ ದಕ್ಷಿಣಕ್ಕೆ ಬಂದ. ನಂಜನಗೂಡಿನ ಬಳಿ ಖಂಡೇರಾಯನೊಂದಿಗೆ ನಡೆದ ಕಾಳಗದಲ್ಲಿ ಅವನಿಗೆ ಕೆಟ್ಟ ಸೋಲಾಯಿತು. ಹರದನಹಳ್ಳಿಯ ಕಡೆಗೆ ಹಿಂಜರಿದವನಿಗೆ ಉಳಿದ ದಾರಿ ಒಂದೇ. ತಾನೇ ಮೂಲೆಗೆ ತಳ್ಳಿದ್ದ ನಂಜರಾಜಯ್ಯನ ಬಳಿಗೆ ರಾತ್ರಿ ಹೋಗಿ ಕಾಲಿಗೆ ಬಿದ್ದ. ಕಳಲೆಯ ಹಳೆಯ ಹೆಸರಿಗೆ ಇನ್ನೂ ಬೆಲೆಯಿತ್ತು. ನಂಜರಾಜಯ್ಯನ ಮೊಹರು ಹೊತ್ತ ಕಾಗದಗಳು ಖಂಡೇರಾಯನ ಅಧಿಕಾರಿಗಳ ಹೆಸರಿಗೆ ಹೊರಟು, ಹೊರಟ ಉದ್ದೇಶದಂತೆಯೇ ಖಂಡೇರಾಯನ ಕೈಗೆ ಸಿಕ್ಕವು. ತನ್ನವರೇ ತನ್ನನ್ನು ಹಿಡಿದುಕೊಡುವರೆಂದು ನಂಬಿ ಅವನು ದಂಡು ಬಿಟ್ಟು ಓಡಿದ. ಕೆಲವೇ ತಿಂಗಳಲ್ಲಿ ಶ್ರೀರಂಗಪಟ್ಟಣ ಹೈದರನದಾಯಿತು. ಖಂಡೇರಾಯ ಪಂಜರ ಸೇರಿದ. ನಂಜರಾಜಯ್ಯನಿಗೆ ಕೊಟ್ಟ ಮಾತು ಈ ಸಲವೂ ಉಳಿಯಲಿಲ್ಲ. ಕೆಲವು ವರ್ಷಗಳ ಮೇಲೆ ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿ ಸೆರೆಯಲ್ಲಿಟ್ಟರು. ಅವನು ಸತ್ತದ್ದೂ ಅಲ್ಲೇ.

ಮಾಹೆ, ಕಡಲೂರು, ಮಂಗಳೂರು

1763ರ ಪ್ಯಾರಿಸ್ ಒಪ್ಪಂದ ಫ್ರೆಂಚರಿಂದ ಕೆನಡಾವನ್ನು ಕಿತ್ತುಕೊಂಡಿತು. ಭಾರತದಲ್ಲಿ ಐದು ಪಟ್ಟಣಗಳನ್ನು ವ್ಯಾಪಾರಕ್ಕಾಗಿ ಹಿಂದಿರುಗಿಸಿತು. ಅಧಿಕೃತ ಫ್ರಾನ್ಸ್ ಕುಗ್ಗಿದಷ್ಟೂ ಮೈಸೂರಿನಲ್ಲಿ ಸಂಬಳಕ್ಕೆ ದುಡಿಯುವ ಫ್ರೆಂಚರು ಹೆಚ್ಚಿದರು. ಅವರಲ್ಲಿ ಒಬ್ಬನಾದ ಮೇಸ್ತ್ರ್ ದ ಲಾ ತೂರ್ ಊರಿಗೆ ಮರಳಿ ಹೈದರನ ಚರಿತ್ರೆಯನ್ನು ಬರೆದು 1783ರಲ್ಲಿ ಅಚ್ಚುಹಾಕಿಸಿದ. ತನ್ನ ಪಾತ್ರವನ್ನು ಸಾಕಷ್ಟು ಉಬ್ಬಿಸಿಕೊಂಡಿದ್ದಾನೆ. ಆದರೂ ಯುರೋಪಿನ ಓದುಗರಿಗೆ ಮೈಸೂರು ಎಂಬ ರಾಜ್ಯ ಮೊದಲು ಪರಿಚಯವಾದದ್ದು ಇಂಥ ಪುಸ್ತಕಗಳಿಂದ. ಫ್ರೆಂಚ್ ಪಡೆ ಬೀಡುಬಿಡುತ್ತಿದ್ದ ಶ್ರೀರಂಗಪಟ್ಟಣದ ಉತ್ತರದ ಹಿರೋಡೆಗೆ ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದೇ ಹೆಸರಿಟ್ಟರು. ಇಂದಿನ ಪಾಂಡವಪುರ ಅದೇ.

ಈ ಪಡೆಗೆ ಮದ್ದುಗುಂಡು, ಬಂದೂಕು, ಹೊಸ ಅಧಿಕಾರಿಗಳು ಬರುತ್ತಿದ್ದದ್ದು ಮಾಹೆಯ ಮೂಲಕ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರಾನ್ಸ್ ಇಂಗ್ಲೆಂಡಿನ ವಿರುದ್ಧ ನಿಂತಾಗ ಇಂಗ್ಲಿಷರು 1778ರಲ್ಲಿ ಪುದುಚೇರಿಯನ್ನು, 1779ರಲ್ಲಿ ಮಾಹೆಯನ್ನು ಹಿಡಿದರು. ಮಾಹೆ ತನ್ನ ರಕ್ಷಣೆಯಲ್ಲಿದೆ, ಮುಟ್ಟಬೇಡಿ ಎಂದು ಹೈದರ್ ಮೊದಲೇ ಎಚ್ಚರಿಸಿದ್ದ. 1780ರಲ್ಲಿ ಅವನು ಘಟ್ಟ ಇಳಿಯಲು ಮುಖ್ಯ ಕಾರಣಗಳಲ್ಲಿ ಇದು ಒಂದು. ಆ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆ ಪೂರ್ತಿ ನಾಶವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಆ ಕಾಳಗದ ಚಿತ್ರವಿದೆ. ದೂರದರ್ಶಕ ಹಿಡಿದು ಕುದುರೆಯ ಮೇಲೆ ಕೂತ ಫ್ರೆಂಚ್ ಅಧಿಕಾರಿ ಲಾಲಿ. ಪುದುಚೇರಿಯ ಲಾಲಿಯಲ್ಲ, ಹೈದರನ ಸೇವೆಯಲ್ಲಿದ್ದ ಇನ್ನೊಬ್ಬ. ಅವನನ್ನು ಸುಲಭವಾಗಿ ಗುರುತಿಸಬಹುದು.

ಫ್ರಾನ್ಸಿನ ರಾಜಸೈನ್ಯ ಬಂದದ್ದು ಆಮೇಲೆ. 1782ರಲ್ಲಿ ಪೋರ್ಟೊ ನೋವೊದಲ್ಲಿ ಇಳಿದ ಪಡೆ ಹೈದರನ ನೆರವಿನಿಂದ ಕಡಲೂರನ್ನು ಹಿಡಿಯಿತು. ನೌಕಾಪತಿ ಸುಫ್ರೆನ್ ಸಮುದ್ರದ ಮೇಲೆ ಇಂಗ್ಲಿಷರೊಂದಿಗೆ ಸಮಬಲವಾಗಿ ಕಾದಾಡಿದ. ಆ ಜುಲೈಯಲ್ಲಿ ದಡಕ್ಕೆ ಬಂದು ಹೈದರನನ್ನು ಕಂಡ. ಆದರೆ ನೆಲದ ಮೇಲಿನ ಫ್ರೆಂಚ್ ಸೇನಾಪತಿಗಳು, ಬುಸ್ಸಿ ಬರುವವರೆಗೆ ಕಾಯಬೇಕೆಂದು ಕೈಕಟ್ಟಿ ಕೂತರು. ಬುಸ್ಸಿ ಬಂದದ್ದು 1783ರ ಮಾರ್ಚಿನಲ್ಲಿ, ಮುಪ್ಪಿನಿಂದ ನರಳುತ್ತಾ. ಹೈದರ್ ಅದಕ್ಕೆ ಮೂರು ತಿಂಗಳ ಮೊದಲೇ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರ ಕಣ್ಣುಮುಚ್ಚಿದ್ದ. 1755ರಲ್ಲಿ ಮೈಸೂರನ್ನು ಸುಲಿದ ಬುಸ್ಸಿಯೇ ಈಗ ಮೈಸೂರಿಗೆ ನೆರವಾಗಲು ಬಂದವನು.

ಜೂನ್ ಕೊನೆಯಲ್ಲಿ ಯುರೋಪಿನಿಂದ ಸಂಧಿಯ ಸುದ್ದಿ ಬಂತು. ಬುಸ್ಸಿ ಕೂಡಲೇ ಯುದ್ಧ ನಿಲ್ಲಿಸಿದ. ಆಗ ಹೈದರನ ಮಗ ಟಿಪ್ಪು ಮಂಗಳೂರಿನ ಕೋಟೆಯನ್ನು ಮುತ್ತಿದ್ದ. ಅವನ ಜೊತೆ ಕಂದಕ ತೋಡುತ್ತಿದ್ದ ಕೊಸಿಞಿಯ ಫ್ರೆಂಚ್ ತುಕಡಿ ಆಯುಧ ಕೆಳಗಿಟ್ಟು ಹೊರಟೇಹೋಯಿತು. ಕೋಟೆಯನ್ನು ಹಸಿವಿನಿಂದ ಮಣಿಸಲು ಟಿಪ್ಪುವಿಗೆ 1784ರ ಜನವರಿಯವರೆಗೆ ಹಿಡಿಯಿತು. ಮಾರ್ಚ್ 11ರ ಮಂಗಳೂರು ಒಪ್ಪಂದವನ್ನು ಅವನು ಒಬ್ಬನೇ ಮಾಡಿಕೊಂಡ. ಅಲ್ಲಿ ಫ್ರೆಂಚರಿಗೆ ಜಾಗವಿರಲಿಲ್ಲ.

ವರ್ಸೇಲ್ಸಿಗೆ ರಾಯಭಾರ, ಮಾರಿಷಸ್ಸಿನ ಘೋಷಣೆ

ಆದರೂ ಟಿಪ್ಪು ಫ್ರಾನ್ಸನ್ನು ಬಿಡಲಿಲ್ಲ. ನೇರ ಅರಸನೊಂದಿಗೇ ಮಾತಾಡಬೇಕೆಂದು ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರನ್ನು 1787ರಲ್ಲಿ ಪುದುಚೇರಿಯಿಂದ ಹಡಗು ಹತ್ತಿಸಿದ. ಮರುವರ್ಷ ಜೂನಿನಲ್ಲಿ ಅವರು ತೂಲೋಂ ರೇವಿನಲ್ಲಿ ಇಳಿದರು. 1788ರ ಆಗಸ್ಟ್ 10ರಂದು ಹದಿನಾರನೆಯ ಲೂಯಿ ವರ್ಸೇಲ್ಸಿನಲ್ಲಿ ಅವರಿಗೆ ದರ್ಶನ ಕೊಟ್ಟ. ಪ್ಯಾರಿಸ್ಸಿನ ಜನ ಅವರನ್ನು ನೋಡಲು ಮುಗಿಬಿದ್ದರು. ವಿಝೆ ಲೆ ಬ್ರ್ಯೂಂ ಎಂಬ ಹೆಸರಾಂತ ಕಲಾವಿದೆ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಕೇಳಿದ ಸೈನ್ಯ ಸಿಗಲಿಲ್ಲ. ಸೆವ್ರ್ ಕಾರ್ಖಾನೆಯ ಪಿಂಗಾಣಿ ಸಿಕ್ಕಿತು, ಹಲವು ಕಸುಬುಗಾರರು ಬಂದರು. ಸಾಲದಲ್ಲಿ ಮುಳುಗಿ ವರ್ಷದೊಳಗೆ ಕ್ರಾಂತಿಗೆ ಸಿಕ್ಕಲಿದ್ದ ಅರಸ ಅದಕ್ಕಿಂತ ಹೆಚ್ಚೇನು ಕೊಡಬಲ್ಲ? 1790ರಲ್ಲಿ ಮೂರನೆಯ ಮೈಸೂರು ಯುದ್ಧ ಶುರುವಾಗುವ ಮೊದಲೇ ಪುದುಚೇರಿಯ ಪಡೆಯನ್ನು ಮಾರಿಷಸ್ಸಿಗೆ ಸಾಗಿಸಲಾಗಿತ್ತು. 1792ರಲ್ಲಿ ಅರ್ಧ ರಾಜ್ಯ ಹೋಯಿತು.

ಮುಂದಿನ ಘಟನೆಗಳಲ್ಲಿ ಸತ್ಯ ಮತ್ತು ಪ್ರಚಾರ ಬೆರೆತಿವೆ. 1797ರಲ್ಲಿ ರಿಪೋ ಎಂಬ ಕಡಲ ಸಾಹಸಿ ಮುರುಕು ಹಡಗಿನಲ್ಲಿ ಮಂಗಳೂರಿಗೆ ಬಂದ. ತಾನು ಮಾರಿಷಸ್ಸಿನ ಪ್ರತಿನಿಧಿ, ಅಲ್ಲಿ ದೊಡ್ಡ ಪಡೆ ಸಿದ್ಧವಿದೆ ಎಂದು ಟಿಪ್ಪುವನ್ನು ನಂಬಿಸಿದ. ಶ್ರೀರಂಗಪಟ್ಟಣದಲ್ಲಿ ಫ್ರೆಂಚರು ಜ್ಯಾಕೋಬಿನ್ ಕ್ಲಬ್ಬು ಕಟ್ಟಿ, ಸ್ವಾತಂತ್ರ್ಯದ ಮರ ನೆಟ್ಟು, ಸುಲ್ತಾನನನ್ನು ‘ನಾಗರಿಕ ಟಿಪ್ಪು’ ಎಂದು ಕೊಂಡಾಡಿದ ಕಥೆ ಈ ಕಾಲದ್ದು. ಅದಕ್ಕೆ ಆಧಾರ, ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕವೆಂದು ಇಂಗ್ಲಿಷರೇ ಪ್ರಕಟಿಸಿದ ಕಾಗದಗಳು. ಆ ಕಾಗದಗಳನ್ನು ಪೂರ್ತಿ ನಂಬಲಾಗದೆಂದು ವಾದಿಸಿದ ಇತಿಹಾಸಕಾರರಿದ್ದಾರೆ. ಯುದ್ಧಕ್ಕೆ ನೆಪ ಬೇಕಿದ್ದವರ ಕೈಯಲ್ಲಿ ಅವು ಬಹಳ ಅನುಕೂಲಕರವಾಗಿದ್ದವು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಮಾರಿಷಸ್ಸಿನ ಘೋಷಣೆ ಮಾತ್ರ ಸುಳ್ಳಲ್ಲ. ಟಿಪ್ಪುವಿನ ದೂತರು ಗುಟ್ಟಾಗಿ ಬಂದು ಗುಟ್ಟಾಗಿ ಹೋಗಬೇಕಿತ್ತು. ಗವರ್ನರ್ ಮಲಾರ್ತಿಕ್ ತೋಪು ಹಾರಿಸಿ ಸ್ವಾಗತಿಸಿ, ಮೈಸೂರಿನ ಸೇವೆಗೆ ಸ್ವಯಂಸೇವಕರು ಬೇಕೆಂದು 1798ರ ಜನವರಿ 30ರಂದು ಅಚ್ಚುಹಾಕಿಸಿ ಊರೆಲ್ಲ ಅಂಟಿಸಿದ. ಕರೆಗೆ ಓಗೊಟ್ಟು ಏಪ್ರಿಲ್ಲಿನಲ್ಲಿ ಮಂಗಳೂರಿಗೆ ಬಂದವರು ನೂರರಷ್ಟು ಮಂದಿ. ಘೋಷಣೆಯ ಪ್ರತಿ ಕಲ್ಕತ್ತೆಗೆ ತಲುಪಿದಾಗ ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಾದದ್ದು ಸಿಕ್ಕಿತು. ನೆಪೋಲಿಯನ್ ಆ ಜುಲೈಯಲ್ಲಿ ಈಜಿಪ್ಟಿಗೆ ಬಂದಿಳಿದ. ಆಗಸ್ಟಿನಲ್ಲಿ ಇಂಗ್ಲಿಷ್ ನೌಕಾಪತಿ ನೆಲ್ಸನ್ ಅವನ ನೌಕಾಪಡೆಯನ್ನು ನಾಶಮಾಡಿದ. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ನೆಪೋಲಿಯನ್ ಬರೆದ ಕಾಗದ ಜೆಡ್ಡಾದಲ್ಲೇ ಇಂಗ್ಲಿಷರ ಕೈ ಸೇರಿತು. ಹೈದರಾಬಾದಿನಲ್ಲಿ ನಿಜಾಮನಿಗಿದ್ದ ಫ್ರೆಂಚ್ ಪಡೆಯನ್ನು 1798ರ ಅಕ್ಟೋಬರಿನಲ್ಲೇ ನಿರಾಯುಧಗೊಳಿಸಿಯಾಗಿತ್ತು.

ಸೋಸಲೆಯ ಹೊಳೆದಾರಿ

1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಇಂಗ್ಲಿಷ್ ಜನರಲ್ ಹ್ಯಾರಿಸ್‌ನ ಸೈನ್ಯ ಟಿಪ್ಪುವನ್ನು ಹಿಮ್ಮೆಟ್ಟಿಸಿತು. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಕಾವೇರಿಯ ಉತ್ತರ ದಂಡೆಯ ನೇರ ದಾರಿಯಿತ್ತು. 1791ರಲ್ಲಿ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲೀಸ್ ಬಂದದ್ದು ಆ ದಾರಿಯಲ್ಲೇ, ಮೇವಿಲ್ಲದೆ ಎತ್ತುಗಳು ಸತ್ತು ಫ್ರೆಂಚ್ ರಾಕ್ಸ್ ಬಳಿಯ ಕನ್ನಂಬಾಡಿಯ ಕಡೆಯಿಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂತಿರುಗಿದ್ದ. ಈ ಸಲವೂ ಶತ್ರು ಅದೇ ದಾರಿ ಹಿಡಿಯುವನೆಂದು ಟಿಪ್ಪು ಅಲ್ಲಿನ ಹುಲ್ಲು, ಮೇವು, ಹಳ್ಳಿಗಳನ್ನು ಸುಡಿಸಿದ್ದ. ಹ್ಯಾರಿಸ್ ಪಕ್ಕಕ್ಕೆ ತಿರುಗಿದ. ತಿರುಮಕೂಡಲು ಸಂಗಮದ ಸಮೀಪದ ಸೋಸಲೆಯಲ್ಲಿ ಬೇಸಿಗೆಯ ಕಾವೇರಿ ಕಾಲ್ನಡಿಗೆಗೆ ಸಿಗುವಷ್ಟು ಇಳಿದಿತ್ತು. ಮಾರ್ಚ್ ಕೊನೆಯ ದಿನಗಳಲ್ಲಿ ಇಡೀ ಸೈನ್ಯ, ಮುತ್ತಿಗೆಯ ಫಿರಂಗಿಗಳು, ಲೆಕ್ಕವಿಲ್ಲದಷ್ಟು ಬಂಜಾರರ ಎತ್ತುಗಳು ದಕ್ಷಿಣ ದಂಡೆಗೆ ದಾಟಿದವು. ಸುತ್ತಲ ಹಳ್ಳಿಗರು ರಕ್ಷಣೆಗೆಂದು ದನಕರು, ಮೇವು, ಧಾನ್ಯದೊಂದಿಗೆ ಸೋಸಲೆಯ ಸಣ್ಣ ಕೋಟೆಯೊಳಗೆ ಕೂಡಿದ್ದರು. ಹಸಿದ ಸೈನ್ಯಕ್ಕೆ ಅದು ಅನಾಯಾಸವಾಗಿ ಸಿಕ್ಕ ಉಗ್ರಾಣವಾಯಿತು. ಇಂಗ್ಲಿಷ್ ಚರಿತ್ರೆಗಳು ಇದನ್ನು ಹ್ಯಾರಿಸ್‌ನ ಜಾಣತನವೆಂದು ಹೊಗಳಿ ಮುಂದೆ ಹೋಗುತ್ತವೆ. ಆ ಬೇಸಿಗೆ ಸೋಸಲೆಯ ಸುತ್ತಿನ ರೈತರು ಏನು ತಿಂದರೆಂದು ಅವುಗಳಲ್ಲಿ ಒಂದು ಸಾಲೂ ಇಲ್ಲ.

ದಾಟಿದ ಸುದ್ದಿ ಕೇಳಿ ಟಿಪ್ಪುವಿನ ಸರದಾರರು ಕಂಗೆಟ್ಟರು. ಏಪ್ರಿಲ್ 5ಕ್ಕೆ ಸೈನ್ಯ ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಬಂದು ಬೀಡುಬಿಟ್ಟಿತು. ಮೇ 4ರ ಮಧ್ಯಾಹ್ನ ಕೋಟೆ ಬಿತ್ತು, ಟಿಪ್ಪು ಕಾದಾಡುತ್ತಲೇ ಸತ್ತ. ಫ್ರಾನ್ಸಿನಿಂದ ಬಂದ ನೆರವು ಮಾರಿಷಸ್ಸಿನ ಆ ಪುಟ್ಟ ತುಕಡಿ ಮಾತ್ರ. ಭಾರತದಲ್ಲಿ ಫ್ರೆಂಚ್ ಸಾಮ್ರಾಜ್ಯದ ಸಾಧ್ಯತೆ ಮುಗಿದದ್ದು ವಾಂಡಿವಾಷ್ ಕಾಳಗದಲ್ಲಿ, 1760ರಲ್ಲಿ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಸೈನ್ಯದ ಲೆಕ್ಕದಲ್ಲಿ ಅದು ಸರಿ. ಇಂಗ್ಲಿಷರ ಭಯದ ಲೆಕ್ಕದಲ್ಲಿ ಅದು ಮುಗಿದದ್ದು 1799ರಲ್ಲಿ, ಆ ಭಯವೇ ಮೈಸೂರನ್ನು ನುಂಗಿತು.

ಉಳಿದವರು

ಯುದ್ಧ ಮುಗಿದ ಮೇಲೆ ಮೈಸೂರಿಗೆ ಬಂದ ಅತ್ಯಂತ ಪ್ರಸಿದ್ಧ ಫ್ರೆಂಚನ ಬಳಿ ಬಂದೂಕು ಇರಲಿಲ್ಲ. ಪ್ಯಾರಿಸ್ ವಿದೇಶಿ ಮಿಷನ್ನಿನ ಪಾದ್ರಿ ಅಬ್ಬೆ ದುಬುವಾ ಕ್ರಾಂತಿಯ ಕಾಲದಲ್ಲಿ ಫ್ರಾನ್ಸ್ ಬಿಟ್ಟು 1792ರಲ್ಲಿ ಭಾರತಕ್ಕೆ ಬಂದವನು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿ ಗಂಜಾಮಿನಲ್ಲಿ ಚರ್ಚು ಕಟ್ಟಿಸಿದ. ಹಾಸನದ ಬಳಿಯ ಸತ್ಯಹಳ್ಳಿ ಎಂಬ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿದ. ಕಾವಿ ತೊಟ್ಟು, ಸಸ್ಯಾಹಾರ ತಿಂದು, ಹಳ್ಳಿ ಹಳ್ಳಿ ಸುತ್ತಿದ ಅವನನ್ನು ಜನ ದೊಡ್ಡಸ್ವಾಮಿಯೋರು ಎಂದರು. ಸಿಡುಬಿನ ವಿರುದ್ಧ ಹೊಸದಾಗಿ ಬಂದಿದ್ದ ಲಸಿಕೆಯನ್ನು 1803–04ರಲ್ಲಿ 25,432 ಮಂದಿಗೆ ಹಾಕಿದ ದಾಖಲೆ ಅವನ ಹೆಸರಿನಲ್ಲಿದೆ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನು ಕೊಟ್ಟ ಫ್ರೆಂಚ್ ಹಸ್ತಪ್ರತಿಯನ್ನು ವಿಲ್ಕ್ಸ್‌ನ ಶಿಫಾರಸಿನ ಮೇಲೆ ಮದರಾಸು ಸರ್ಕಾರ 2,000 ವರಹಕ್ಕೆ ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ ಅದು ಕಂಪನಿಯ ಅಧಿಕಾರಿಗಳ ಕೈಪಿಡಿಯಾಯಿತು. ಅದರ ಬಹುಭಾಗ ಕರ್‌ದೂ ಎಂಬ ಹಿಂದಿನ ಫ್ರೆಂಚ್ ಜೆಸ್ಯೂಟ್ ಪಾದ್ರಿಯ ಬರಹದಿಂದ ಬಂದದ್ದೆಂದು ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಫ್ರೆಂಚರು ಕಲಿತ ಭಾರತವನ್ನು ಇಂಗ್ಲಿಷರು ಕೊಂಡು ಆಡಳಿತಕ್ಕೆ ಬಳಸಿದರು.

ದುಬುವಾ 1823ರಲ್ಲಿ ಊರಿಗೆ ಮರಳಿದ. ಅವನ ಮಿಷನ್ನು ಮೈಸೂರಿನಲ್ಲಿ ಮುಂದುವರಿಯಿತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲಿಟ್ಟಾಗ ಅಲ್ಲಿನ ಬಿಷಪ್ ಕೂಡ ಫ್ರೆಂಚರೇ.

ಫ್ರಾನ್ಸ್ ತನ್ನ ಎರಡನೆಯ ಸಾಮ್ರಾಜ್ಯವನ್ನು ಬೇರೆಡೆ ಕಟ್ಟಿಕೊಂಡಿತು: 1830ರಲ್ಲಿ ಆಲ್ಜೀರಿಯಾ, 1858ರಿಂದ ವಿಯೆಟ್ನಾಂ, ಆಮೇಲೆ ಪಶ್ಚಿಮ ಆಫ್ರಿಕದ ಬಹುಪಾಲು. ಮಾರಿಷಸ್ 1810ರಲ್ಲೇ ಇಂಗ್ಲಿಷರದಾಗಿತ್ತು. ಭಾರತದ ಐದು ಪಟ್ಟಣಗಳು ಮಾತ್ರ 1814ರ ಒಪ್ಪಂದದಂತೆ ಹಿಂದಿರುಗಿ, ಕೋಟೆಯಿಲ್ಲದೆ, ಹೆಸರಿಗೆ ಫ್ರೆಂಚ್ ಇಂಡಿಯಾ ಎಂದು ಉಳಿದವು. ಚಂದ್ರನಗರ ಜನಮತದ ಬಳಿಕ 1950ರಲ್ಲಿ ಭಾರತಕ್ಕೆ ಬಂತು. ಹೈದರನ ಬಂದೂಕುಗಳು ಬಂದಿಳಿಯುತ್ತಿದ್ದ ಮಾಹೆಯಿಂದ 1954ರ ಜುಲೈಯಲ್ಲಿ ಫ್ರೆಂಚ್ ಆಡಳಿತಗಾರ ಹೊರಟುಹೋದ. ಆ ಅಕ್ಟೋಬರ್ 18ರಂದು ಕೀಳೂರಿನಲ್ಲಿ ಸೇರಿದ 178 ಚುನಾಯಿತ ಪ್ರತಿನಿಧಿಗಳಲ್ಲಿ 170 ಮಂದಿ ಭಾರತಕ್ಕೆ ಸೇರುವ ಪರವಾಗಿ ಮತ ಹಾಕಿದರು. ನವೆಂಬರ್ 1ರಂದು ಆಡಳಿತ ಹಸ್ತಾಂತರವಾಯಿತು. ಆಲ್ಜೀರಿಯಾದ ಯುದ್ಧ ಮುಗಿಯುವವರೆಗೂ ಫ್ರೆಂಚ್ ಸಂಸತ್ತು ಹಸ್ತಾಂತರದ ಒಪ್ಪಂದಕ್ಕೆ ಒಪ್ಪಿಗೆ ಕೊಡಲಿಲ್ಲ. ಹಾಗಾಗಿ ಕಾನೂನಿನ ಪ್ರಕಾರ ಫ್ರೆಂಚ್ ಇಂಡಿಯಾ ಕೊನೆಗೊಂಡದ್ದು 1962ರ ಆಗಸ್ಟ್ 16ರಂದು.